ನಮ್ಮೂರು ಪಟ್ಟಿಯಲ್ಲಿ ಇದೆಯಾ? 64 ಎಂಬಿ ಕಡತ 9 ಕೆಬಿ ಆದ ಕಥೆ

2024ರ ಆಗಸ್ಟ್ ಮೊದಲ ವಾರ. ಆಶ್ಲೇಷ ಮಳೆ ಹಿಡಿದು ಕೂತಿತ್ತು. ಕರೆಂಟು ಹೋಗಿ ಎರಡು ದಿನ ಆಗಿತ್ತು, ಅಡಿಕೆಗೆ ಎರಡನೇ ಸಲ ಕೊಳೆ ಔಷಧಿ ಹೊಡೆಯೋಕೆ ಒಂದು ಹೊತ್ತಿನ ಬಿಸಿಲಾದರೂ ಬರಲಿ ಅಂತ ಎಲ್ಲರೂ ಕಾಯುತ್ತಿದ್ದೆವು. ಆ ಮಳೆಯಲ್ಲೇ ಪಕ್ಕದ ಮನೆ ಭಾವ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದು ಜಗುಲಿ ಮೇಲೆ ಕೂತರು. ಕವಳದ ತಟ್ಟೆ ಕಡೆ ಕೈಯೂ ಹಾಕಲಿಲ್ಲ.

"ಕಸ್ತೂರಿರಂಗನ್ ಪಟ್ಟಿ ಮತ್ತೆ ಬಂತಂತಲ್ಲ ಮಾರಾಯ. ನಮ್ಮೂರು ಅದರಲ್ಲಿ ಅದೆಯಾ ನೋಡು" ಅಂದರು.

ವಿಜ್ಞಾನಿ ಕಸ್ತೂರಿರಂಗನ್ ಅವರ ಸಮಿತಿಯ ವರದಿ ಆಧರಿಸಿ ಕೇಂದ್ರ ಸರ್ಕಾರ ಹೊರಡಿಸಿದ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಅದು. ಯಾವ ಯಾವ ಗ್ರಾಮ ಅದರೊಳಗೆ ಬರುತ್ತದೆ ಅನ್ನುವ ಪಟ್ಟಿ ಅದರಲ್ಲೇ ಇರುತ್ತದೆ. 2014ರ ಮಾರ್ಚಿನಲ್ಲಿ ಮೊದಲನೆಯದು ಬಂದಿತ್ತು, ಇದು ಆರನೆಯದು. ಹೊರಟ ತಾರೀಕು 2024ರ ಜುಲೈ 31, ಅಂದರೆ ವಯನಾಡಿನ ಗುಡ್ಡ ಕುಸಿದ ಮಾರನೇ ದಿನ. ಆರು ರಾಜ್ಯ ಸೇರಿ 56,825.7 ಚದರ ಕಿಲೋಮೀಟರ್. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ನಮ್ಮ ಕರ್ನಾಟಕದ್ದೇ, 20,668. ಆಕ್ಷೇಪಣೆ ಸಲ್ಲಿಸಲು 60 ದಿನ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಮ್ಮಂಥವರಿಗೆ ಇದು ಪೇಪರಿನ ಸುದ್ದಿ ಅಷ್ಟೇ ಅಲ್ಲ, ಮನೆ ಬಾಗಿಲಿನ ಸಂಗತಿ.

ಆ ಹೊತ್ತಿಗಾಗಲೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಧ್ವನಿ ಸಂದೇಶಗಳು ಓಡಾಡುತ್ತಿದ್ದವು. "ಇನ್ನು ಹೆಂಚು ಬದಲಿಸೋಕೂ ಪರ್ಮಿಷನ್ ಬೇಕು", "ಮನೆ ಖಾಲಿ ಮಾಡಿಸ್ತಾರೆ", ಹೀಗೆ. ಒಂದು ನಿಮಿಷದ ಮಾತು ಅಂದರೆ ಹೆಚ್ಚುಕಡಿಮೆ 120 ಕೆಬಿ. ನಮ್ಮ ಗುಡ್ಡದ ಮೇಲೆ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಹತ್ತು ಸೆಕೆಂಡಿನಲ್ಲಿ ಇಳಿಯುತ್ತದೆ. ಆದರೆ ಅದೇ ಗುಂಪಿಗೆ ಯಾರೋ ಹಾಕಿದ್ದ ಅಧಿಸೂಚನೆಯ ಪಿಡಿಎಫ್ 64 ಎಂಬಿ ಇತ್ತು. ಗುಂಪಿನಲ್ಲಿ ಇನ್ನೂರು ಜನರಿದ್ದರು, ಅದನ್ನು ತೆರೆದು ಓದಿದವರು ನನಗೆ ಒಬ್ಬರೂ ಸಿಗಲಿಲ್ಲ. ನನಗೆ ಬೇಜಾರಾಗಿದ್ದು ಇದಕ್ಕೇ. ಗಾಳಿಮಾತು ಮನೆಯೊಳಗೆ ಬಂದು ಕೂತಿದೆ, ಅದನ್ನು ಸರಿಯೋ ತಪ್ಪೋ ಅಂತ ಹೇಳಬೇಕಾದ ಕಾಗದ ಗುಡ್ಡ ಹತ್ತಿದರೂ ಸಿಗುತ್ತಿಲ್ಲ.

ಗುಡ್ಡ ಹತ್ತೋದು ಅಂದೆನಲ್ಲ, ಅದು ನಿಜವಾಗಿಯೂ ಹತ್ತೋದೇ. ಮನೆಯಿಂದ ಕಾಲು ಗಂಟೆ ಧರೆ ಏರಿದರೆ ಒಂದು ಹೊನ್ನೆ ಮರ ಸಿಗುತ್ತದೆ, ಅದರ ಬುಡದಲ್ಲಿ ಮಾತ್ರ ನೆಟ್. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಅದೂ ಇಲ್ಲ. ಆವತ್ತು ಇತ್ತು, ಸೆಕೆಂಡಿಗೆ 12 ಕೆಬಿ ಸಿಗುತ್ತಿತ್ತು. ಲೆಕ್ಕ ಹಾಕಿ ನೋಡಿ, ಆ ವೇಗದಲ್ಲಿ 64 ಎಂಬಿ ಇಳಿಯಲು ಒಂದೂವರೆ ಗಂಟೆ ಬೇಕು, ನಡುವೆ ಒಂದು ಸಲವೂ ಕಡಿಯಬಾರದು. ನನಗೆ ಮೂರು ಸಲ ಕಡಿಯಿತು. ಮೂರೂ ಸಲ ಮತ್ತೆ ಸೊನ್ನೆಯಿಂದ ಶುರು. ಇಂಬಳ ಕಾಲು ತುಂಬಾ ಹತ್ತಿಕೊಂಡಿದ್ದವು, ದಿನದ ಡೇಟಾ ಅರ್ಧ ಖಾಲಿ, ಕೈಯಲ್ಲಿ ಒಂದು ಪುಟವೂ ಇಲ್ಲ.

ಮಾರನೇ ದಿನ ಬಸ್ಸು ಹತ್ತಿ ಹೊಸನಗರ ಪೇಟೆಗೆ ಹೋದೆ. ಪರಿಚಯದ ಜೆರಾಕ್ಸ್ ಅಂಗಡಿಯಲ್ಲಿ ಕೇಬಲ್ ನೆಟ್ ಇತ್ತು, ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಅಲ್ಲೇ ಬೆಂಚಿನ ಮೇಲೆ ತೆರೆದು ನೋಡಿದೆ. ಯಾರೋ ಅಧಿಸೂಚನೆಯಲ್ಲಿ ಕರ್ನಾಟಕಕ್ಕೆ ಬೇಕಾದ ಪುಟಗಳನ್ನು ಪ್ರಿಂಟ್ ತೆಗೆದು, ಬೇಕಾದಲ್ಲಿ ಪೆನ್ನಿನ ಗೆರೆ ಎಳೆದು, ಮತ್ತೆ ಸ್ಕ್ಯಾನ್ ಮಾಡಿದ್ದರು. ಎಂಬತ್ತು ಪುಟ. ಅಷ್ಟೂ ಬಣ್ಣದ ಫೋಟೊ. ಮಾಡಿದವರ ಮನಸ್ಸು ಒಳ್ಳೆಯದೇ, ನಾಲ್ಕು ಜನಕ್ಕೆ ತಲುಪಲಿ ಅಂತಲೇ ಮಾಡಿದ್ದು. ಆದರೆ ಅದರಲ್ಲಿ ಊರಿನ ಹೆಸರು ಟೈಪ್ ಮಾಡಿ ಹುಡುಕೋಕೆ ಬರುತ್ತಿರಲಿಲ್ಲ, ಯಾಕೆಂದರೆ ಒಳಗೆ ಅಕ್ಷರಗಳೇ ಇಲ್ಲ, ಅಕ್ಷರದ ಚಿತ್ರ ಮಾತ್ರ.

ನಾನು ಊರಿಗೆ ಬರುವ ಮೊದಲು ಬೆಂಗಳೂರಿನಲ್ಲಿ ಹತ್ತು ವರ್ಷ ಡಿಟಿಪಿ ಕೆಲಸ ಮಾಡಿದವನು. ಇದನ್ನು ಸಣ್ಣ ಮಾಡೋದು ಎಷ್ಟೊತ್ತಿನ ಕೆಲಸ ಅಂದುಕೊಂಡೆ. ಪಿಡಿಎಫ್ ಕುಗ್ಗಿಸಿಕೊಡುವ ತಾಣಗಳು ಬೇಕಾದಷ್ಟಿವೆ ನಿಜ. ಆದರೆ ಅಲ್ಲಿಗೆ ಕಡತ ಏರಿಸಬೇಕಲ್ಲ, ನೆಟ್ ನಿಧಾನ ಇರುವವನಿಗೆ ಅದರಿಂದ ಏನು ಪ್ರಯೋಜನ? ಹಾಗಾಗಿ ಲ್ಯಾಪ್‌ಟಾಪಿನಲ್ಲೇ ಕೆಲಸ ಮಾಡುವ ಗೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಅದರಲ್ಲಿ ಎಲ್ಲಕ್ಕಿಂತ ಸಣ್ಣದಾಗಿಸುವ ಆಯ್ಕೆ ಒತ್ತಿದೆ. 64 ಎಂಬಿ 5 ಎಂಬಿ ಆಯಿತು. ಖುಷಿಯಿಂದ ತೆರೆದು ನೋಡಿದರೆ 3 ಯಾವುದು 8 ಯಾವುದು ಗೊತ್ತಾಗುತ್ತಿಲ್ಲ. ಇಂಚಿಗೆ 300 ಚುಕ್ಕೆ ಇದ್ದದ್ದನ್ನು 72ಕ್ಕೆ ಇಳಿಸಿಬಿಟ್ಟಿತ್ತು. ಅಕ್ಷರಗಳ ಸುತ್ತ ಬೂದು ಬಣ್ಣದ ಮಂಜು. ಫೋಟೊಗೆ ಆದರೆ ನಡೆಯುತ್ತದೆ, ಊರಿನ ಹೆಸರು, ಕೋಡ್ ನಂಬರ್ ಇರುವ ಕೋಷ್ಟಕಕ್ಕೆ ನಡೆಯೋದಿಲ್ಲ.

ಆವತ್ತು ರಾತ್ರಿ ಮನೆಯಲ್ಲಿ ಚಾರ್ಜ್ ಇರುವಷ್ಟು ಹೊತ್ತು ಕೂತು ಯೋಚಿಸಿದೆ. ಎ4 ಪುಟವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಹಾಗೆ, ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2,480, ಉದ್ದಕ್ಕೆ 3,508 ಚುಕ್ಕೆ. ಒಟ್ಟು 87 ಲಕ್ಷ. ಬಣ್ಣದಲ್ಲಾದರೆ ಒಂದೊಂದು ಚುಕ್ಕೆಗೆ 3 ಬೈಟ್, ಅಂದರೆ ಕುಗ್ಗಿಸುವ ಮೊದಲು ಒಂದು ಪುಟಕ್ಕೇ 26 ಎಂಬಿ. ಆದರೆ ಬಿಳಿ ಕಾಗದದ ಮೇಲಿನ ಕಪ್ಪು ಅಕ್ಷರಕ್ಕೆ ಬಣ್ಣ ಯಾಕೆ ಬೇಕು? ಈ ಚುಕ್ಕೆ ಕಪ್ಪೋ ಬಿಳಿಯೋ ಅಂತ ಹೇಳಲು ಒಂದೇ ಬಿಟ್, ಅಂದರೆ ಬೈಟಿನ ಎಂಟನೇ ಒಂದು ಭಾಗ, ಸಾಕು. ಅಷ್ಟಕ್ಕೇ ಅದು 1 ಎಂಬಿ ಚಿಲ್ಲರೆಗೆ ಇಳಿಯುತ್ತದೆ. ಅದರ ಮೇಲೆ ಹಳೇ ಫ್ಯಾಕ್ಸ್ ಯಂತ್ರಗಳ ಕಾಲದಿಂದ ಬಂದ ಗ್ರೂಪ್ 4 ಅನ್ನುವ ಕುಗ್ಗಿಸುವ ವಿಧಾನ ಬಳಸಿದರೆ ಪುಟಕ್ಕೆ 50 ಕೆಬಿ ಆಸುಪಾಸು. ಒಂದು ಚುಕ್ಕೆಯೂ ಕಳೆಯೋದಿಲ್ಲ. ಫ್ಯಾಕ್ಸ್ ಹೋಗುತ್ತಿದ್ದದ್ದೂ ನಿಧಾನದ ಫೋನ್ ತಂತಿಯಲ್ಲೇ ಅಲ್ವಾ, ಫ್ಯಾಕ್ಸಿನ ಕುಗ್ಗಿಸುವ ಉಪಾಯಗಳು ಹುಟ್ಟಿದ್ದೇ ಆ ಕಷ್ಟದಿಂದ.

ಹಾಗೆ ಮಾಡಿದ ಕಡತ 4 ಎಂಬಿ ಬಂತು. ಮಂಜುಮಂಜಾಗಿದ್ದ ಮೊದಲನೆಯದಕ್ಕಿಂತ ಸಣ್ಣದು, ಆದರೆ ಅಕ್ಷರ ಅಡಿಕೆ ಕತ್ತಿಯಲ್ಲಿ ಕತ್ತರಿಸಿದ ಹಾಗೆ ಚೂಪು. ಒಂದೇ ತೊಂದರೆ ಅಂದರೆ ಪೆನ್ನಿನ ಗೆರೆ ಇದ್ದ ಕಡೆ ಅಕ್ಷರವೂ ಕಪ್ಪಾಗಿ ಸೇರಿಹೋಗಿತ್ತು. ಅಂಥ ಆರು ಪುಟಗಳನ್ನು ಒಂದೊಂದಾಗಿ ತೆರೆದು, ಎಷ್ಟು ಕಪ್ಪಿದ್ದರೆ ಕಪ್ಪು ಅನ್ನಬೇಕು ಎಂಬ ಮಿತಿಯನ್ನು ಕೈಯಲ್ಲೇ ಸರಿಸಿ ಸರಿ ಮಾಡಿದೆ.

ಇನ್ನೂ ಸಣ್ಣ ಮಾಡುವ ಜೆಬಿಗ್2 ಅನ್ನುವ ವಿಧಾನವೊಂದಿದೆ. ಪುಟದಲ್ಲಿ ಒಂದೇ ಥರ ಕಾಣುವ ಅಕ್ಷರಗಳನ್ನು ಹುಡುಕಿ, ಒಂದನ್ನೇ ಇಟ್ಟುಕೊಂಡು ಎಲ್ಲ ಕಡೆ ಅದನ್ನೇ ಅಂಟಿಸುವುದೂ ಅದರಲ್ಲಿ ಸಾಧ್ಯ. ನಾನು ಅದನ್ನು ಮುಟ್ಟಲಿಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞ ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನ್ ಯಂತ್ರಗಳು ಅಂಕಿಗಳನ್ನೇ ಬದಲಿಸುತ್ತಿದ್ದದ್ದನ್ನು ಪತ್ತೆ ಹಚ್ಚಿದ್ದರು. 6 ಇದ್ದಲ್ಲಿ 8 ಬಂದು ಕೂರುತ್ತಿತ್ತು, ಅದೂ ಸ್ಪಷ್ಟವಾಗಿ, ಅನುಮಾನವೇ ಬಾರದ ಹಾಗೆ. ಕಾರಣ ಈ ಅಂಟಿಸುವ ವಿಧಾನವೇ. ಪಹಣಿ, ಸರ್ವೆ ನಂಬರ್, ಗ್ರಾಮದ ಕೋಡ್ ಇರುವ ಕಾಗದದಲ್ಲಿ ಹಾಗಾದರೆ ಗತಿಯೇನು? ಮಸುಕಾಗಿದ್ದರೆ ಓದುವವರು ಎಚ್ಚರ ಆಗುತ್ತಾರೆ. ಸ್ಪಷ್ಟವಾಗಿ ಕಂಡೂ ತಪ್ಪಿದ್ದರೆ ನಂಬಿಬಿಡುತ್ತಾರೆ. ಸರ್ಕಾರಿ ಕಾಗದ ಸಣ್ಣ ಮಾಡಲು ಹೊರಡುವ ಯಾರಿಗಾದರೂ ನಾನು ಹೇಳುವ ಮೊದಲ ಮಾತು ಇದು: ಹತ್ತು ಕೆಬಿ ಉಳಿಸಲು ಹೋಗಿ ಒಂದು ಅಂಕಿ ಕಳೆಯಬೇಡಿ.

4 ಎಂಬಿಯೂ ಹೊನ್ನೆ ಮರದ ಬುಡದಲ್ಲಿ ಆರು ನಿಮಿಷದ ಕೆಲಸ. ಆದರೆ ನಮ್ಮ ತಾಲ್ಲೂಕಿನವರಿಗೆ ಚಾಮರಾಜನಗರದ ಪುಟ ಯಾಕೆ ಬೇಕು? ತಾಲ್ಲೂಕುವಾರು ಒಡೆದೆ. ಹೊಸನಗರದ ಪುಟಗಳು 250 ಕೆಬಿಗೆ ಬಂದವು. ಆವತ್ತೇ ಅದನ್ನು ಗುಂಪಿಗೆ ಹಾಕಿದೆ, ಭಾವನಿಗೂ ಕಳಿಸಿದೆ. ಅವರು ತೆರೆದು ನೋಡಿ ಸಂಜೆ ಬಂದರು. "ಇಂಗ್ಲಿಷಿನಲ್ಲಿ ಅದೆಯಲ್ಲ ಇದು. ನಮ್ಮೂರು ಯಾವುದು ಇದರಲ್ಲಿ?" ಅಂದರು.

ಅಲ್ಲಿಗೆ ನನ್ನ ಅರ್ಧ ಕೆಲಸವೂ ಆಗಿಲ್ಲ ಅಂತ ಗೊತ್ತಾಯಿತು.

ಗೆಜೆಟ್ ಇರೋದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಬರೆದ ನಮ್ಮ ಊರಿನ ಹೆಸರು ಅಂದರೆ ಏನು ಅಂತ ಮಲೆನಾಡಿನವರಿಗೆ ಗೊತ್ತು. ಳ ಮತ್ತು ಲ ಒಂದೇ, ಣ ಮತ್ತು ನ ಒಂದೇ, ಕೊ ಮತ್ತು ಕೋ ಒಂದೇ. ಮನೆ, ಮಣೆ ಎರಡನ್ನೂ ಒಂದೇ ಥರ ಬರೆದಿರುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಪಟ್ಟಿಯಲ್ಲಿ ಇರೋದು ಕಂದಾಯ ಗ್ರಾಮದ ಹೆಸರು. ನಾವು "ನಮ್ಮೂರು" ಅನ್ನೋದು ಮಜರೆಯ ಹೆಸರು. ನಾಲ್ಕು ಮನೆ, ಒಂದು ಕೆರೆ, ಒಂದು ಭೂತಪ್ಪನ ಬನ ಇದ್ದರೆ ಅದೊಂದು ಊರು. ನಮ್ಮ ಕಂದಾಯ ಗ್ರಾಮದ ಹೆಸರು ಹೇಳಿದರೆ ಭಾವನಿಗೇ ಒಂದು ಕ್ಷಣ ಬೇಕಾಗುತ್ತದೆ, ಪಹಣಿ ತೆಗೆಸುವಾಗ ಬಿಟ್ಟರೆ ಆ ಹೆಸರು ಯಾರೂ ಬಳಸೋದಿಲ್ಲ.

ಟೆಸೆರಾಕ್ಟ್ ಎಂಬ ಉಚಿತ ಒಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸುವ) ತಂತ್ರಾಂಶದಿಂದ ಚಿತ್ರದಲ್ಲಿದ್ದ ಇಂಗ್ಲಿಷ್ ಹೆಸರುಗಳನ್ನು ಅಕ್ಷರಕ್ಕೆ ಇಳಿಸಿದೆ. ಅದು ತಕ್ಕಮಟ್ಟಿಗೆ ಸರಿ ಬಂತು. ಅದನ್ನು ಕನ್ನಡಕ್ಕೆ ತರೋದು ಯಂತ್ರದ ಕೈಲಿ ಆಗುವ ಕೆಲಸ ಅಲ್ಲ. ಅದಕ್ಕೆ ನಮ್ಮ ಪಂಚಾಯ್ತಿಯ ಅರಿವು ಕೇಂದ್ರದ ಲೈಬ್ರರಿ ಅಕ್ಕನ ಹತ್ತಿರ ಹೋದೆ. ಅವರು ಕೇಳಿದ ತಕ್ಷಣ, ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರ ಮನೆಗೆ ಕರೆದುಕೊಂಡು ಹೋದರು.

ಆ ಮಧ್ಯಾಹ್ನ ನನಗೆ ಮರೆಯೋಕೆ ಆಗೋದಿಲ್ಲ. ಎಂಬತ್ತರ ಆಸುಪಾಸಿನವರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ನಾನು ಇಂಗ್ಲಿಷ್ ಹೆಸರು ಓದುತ್ತಾ ಹೋದೆ. ಅವರು ಕಣ್ಣು ಮುಚ್ಚಿ ಕೇಳಿ, ಹೋಬಳಿ ಯಾವುದು ಅಂತ ಒಂದು ಮಾತು ಕೇಳಿ, ಕನ್ನಡದ ಸರಿ ಹೆಸರು ಹೇಳುತ್ತಿದ್ದರು. ಆಮೇಲೆ ಅದರ ಮಜರೆಗಳನ್ನು ಒಂದೊಂದಾಗಿ, ಯಾವ ದಾರಿಯಲ್ಲಿ ನಡೆದು ಹೋದರೆ ಯಾವುದು ಮೊದಲು ಸಿಗುತ್ತದೋ ಆ ಕ್ರಮದಲ್ಲೇ. ಕಂದಾಯ ಲೆಕ್ಕದ ಜಮಾಬಂದಿಗೆ ನಡೆದು ತಿರುಗಿದ ಕಾಲು ಅದು. ಎರಡು ಕಡೆ "ಇದು ಬೇಚರಾಕ್, ಅಲ್ಲಿ ಈಗ ಒಕ್ಕಲಿಲ್ಲ" ಅಂದರು. ಒಂದು ಕಡೆ ಸುಮ್ಮನಾದರು. 1964ರಲ್ಲಿ ಲಿಂಗನಮಕ್ಕಿ ನೀರು ನಿಂತ ಮೇಲೆ ಹೆಸರು ಮಾತ್ರ ದಾಖಲೆಯಲ್ಲಿ ಉಳಿದ ಊರುಗಳ ವಿಷಯ ಎತ್ತಿದರು, ಅದರಲ್ಲಿ ಅವರ ಅಕ್ಕನ ಗಂಡನ ಮನೆಯೂ ಒಂದು. ಲೈಬ್ರರಿ ಅಕ್ಕ ಬರೆದುಕೊಂಡರು, ನಾನು ಟೈಪ್ ಮಾಡಿದೆ. ದೀಪ ಹಚ್ಚುವ ಹೊತ್ತಿಗೆ ಪೂರ್ತಿ ತಾಲ್ಲೂಕು ಕನ್ನಡದಲ್ಲಿ ಬಂದಿತ್ತು.

ಎಲ್ಲ ಫೋನಿಗೂ ಅರ್ಥವಾಗುವ ಯುನಿಕೋಡ್ ಸಂಕೇತದಲ್ಲಿ (ಯುಟಿಎಫ್-8 ರೂಪದಲ್ಲಿ) ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. "ಊರು" ಅನ್ನುವ ಪದದಲ್ಲಿ ಊ, ರ, ಕೊಂಬು ಅಂತ ಮೂರು ಚಿಹ್ನೆ, 9 ಬೈಟ್. ಇಂಗ್ಲಿಷಿಗಿಂತ ಮೂರು ಪಟ್ಟು ಅಂತ ಹಿಂದೆ ಡಿಟಿಪಿಯಲ್ಲಿ ಗೊಣಗುವವರಿದ್ದರು. ಆದರೆ ನಮ್ಮ ತಾಲ್ಲೂಕಿನ ಅಷ್ಟೂ ಗ್ರಾಮ, ಅದರ ಮಜರೆ, ಮೂಲದ ಪುಟ ಸಂಖ್ಯೆ ಎಲ್ಲ ಸೇರಿ ಆದದ್ದು ಬರೀ 9 ಕೆಬಿ. ಹೊನ್ನೆ ಮರದ ಬುಡದಲ್ಲಿ ಒಂದು ಸೆಕೆಂಡೂ ಬೇಡ. ಅದನ್ನು ಕಡತವಾಗಿ ಕಳಿಸದೆ ಮಾಮೂಲಿ ಸಂದೇಶವಾಗಿಯೇ ಹಾಕಿದೆ. ಇಳಿಸೋದು, ತೆರೆಯೋದು ಯಾವುದೂ ಇಲ್ಲ, ಬಂದರೆ ಬಂತು.

'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಇದು ಆಗುತ್ತಿರಲಿಲ್ಲ ಅನ್ನೋದನ್ನೂ ಹೇಳಬೇಕು. ಇವತ್ತಿಗೂ ಎಷ್ಟೋ ಆದೇಶ, ನಡಾವಳಿ ಆ ಹಳೇ ಸಂಕೇತದಲ್ಲೇ ಬರುತ್ತವೆ. ಕಾಪಿ ಮಾಡಿ ಹಾಕಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ಸಾಲು ಕಾಣುತ್ತದೆ. ಹಾಗಾಗಿಯೇ ಜನ ಅಕ್ಷರ ಬಿಟ್ಟು ಫೋಟೊ ಕಳಿಸೋದು, ಕಡತ ದಪ್ಪ ಆಗೋದು.

ಪಟ್ಟಿಯ ಮೇಲೆ ಅಧಿಸೂಚನೆಯ ಮುಖ್ಯ ಅಂಶಗಳನ್ನೂ ಸರಳವಾಗಿ ಬರೆದೆ. ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದಕ್ಕೆ ಪೂರ್ತಿ ನಿಷೇಧ, ಈಗ ಇರುವ ಗಣಿಗಳನ್ನು 5 ವರ್ಷದೊಳಗೆ ನಿಲ್ಲಿಸಬೇಕು, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಕಟ್ಟುವಂತಿಲ್ಲ. ಇರುವ ವಾಸದ ಮನೆಯ ರಿಪೇರಿಗೆ, ವಿಸ್ತರಣೆಗೆ ಚಾಲ್ತಿಯಲ್ಲಿರುವ ಕಾನೂನಿನ ಪ್ರಕಾರ ಅಡ್ಡಿಯಿಲ್ಲ. ಹೆಂಚಿನ ಮಾತಿಗೆ ಉತ್ತರ ಈ ಕೊನೇ ಸಾಲಿನಲ್ಲಿತ್ತು. ಅದು ಮೊದಲಿನಿಂದಲೂ ಆ 64 ಎಂಬಿಯೊಳಗೇ ಇತ್ತು. ಇದು ಬೇಕು, ಇದು ಬೇಡ ಅಂತ ನಾನು ಒಂದು ಪದವೂ ಸೇರಿಸಲಿಲ್ಲ. ನಮ್ಮಲ್ಲಿ ಕಾಡು ಉಳಿಯಲಿ ಅನ್ನುವವರೂ ಇದ್ದಾರೆ, ಬಗರ್ ಹುಕುಂ ಅರ್ಜಿ ಹಾಕಿ ಕಾದು ಕಾದು ಹೆದರಿದವರೂ ಇದ್ದಾರೆ. ಇಬ್ಬರಿಗೂ ಬೇಕಾದದ್ದು ಒಂದೇ ಕಾಗದ.

ಮೂರನೇ ದಿನ ಒಬ್ಬ ಅಮ್ಮ ಫೋನ್ ಮಾಡಿದರು. ಅವರ ಊರು ನನ್ನ ಪಟ್ಟಿಯಲ್ಲಿ ಇಲ್ಲ, ಹಾಗಂತ ನೆಮ್ಮದಿಯಾಗಿದ್ದರಂತೆ. ಮಗ ಶಿವಮೊಗ್ಗದಲ್ಲಿ ಮೂಲ ನೋಡಿ "ಇದೆ" ಅಂದನಂತೆ. ನನ್ನ ಕೈಕಾಲು ತಣ್ಣಗಾಯಿತು. ಹುಡುಕಿದರೆ, ಒಂದು ಪುಟದ ಕಟ್ಟಕಡೆಯ ಸಾಲು ಸ್ಕ್ಯಾನಿನಲ್ಲಿ ಅರ್ಧ ಕತ್ತರಿಸಿತ್ತು, ಒಸಿಆರ್ ಅದನ್ನು ಬಿಟ್ಟುಬಿಟ್ಟಿತ್ತು, ನಾನೂ ಗಮನಿಸಿರಲಿಲ್ಲ. ಮತ್ತೆ ಪೇಟೆಗೆ ಹೋಗಿ ಕೇಂದ್ರದ ಇ-ಗೆಜೆಟ್ ತಾಣದಿಂದ ಮೂಲವನ್ನೇ ಇಳಿಸಿಕೊಂಡು, ಸಾಲು ಸಾಲು ಎಣಿಸಿ ತಾಳೆ ನೋಡಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು. ತಿದ್ದಿದ ಪಟ್ಟಿಯ ತಲೆಯಲ್ಲಿ ತಾರೀಕು, "ಹಿಂದಿನದರಲ್ಲಿ ಈ ಗ್ರಾಮ ತಪ್ಪಿತ್ತು" ಎಂಬ ಸಾಲು, ಒಟ್ಟು ಎಷ್ಟು ಹೆಸರು ಎಂಬ ಎಣಿಕೆ, ಇದು ಅಧಿಕೃತ ಪ್ರತಿ ಅಲ್ಲ, ಮೂಲದ ಇಂಥ ಪುಟ ನೋಡಿ ಎಂಬ ಮಾತು ಎಲ್ಲವನ್ನೂ ಹಾಕಿದೆ. ಆ ಅಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ, ಕಷಾಯ ಕೊಟ್ಟರು.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಲೈಬ್ರರಿ ಅಕ್ಕ ಪ್ರಿಂಟ್ ತೆಗೆದು ಅರಿವು ಕೇಂದ್ರದ ಬಾಗಿಲಿಗೆ, ಹಾಲಿನ ಡೈರಿಗೆ, ನ್ಯಾಯಬೆಲೆ ಅಂಗಡಿಗೆ ಅಂಟಿಸಿದರು. ಗ್ರಾಮಸಭೆಗೆ ಜನ ಪಟ್ಟಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ದೆಹಲಿಗೆ ಪತ್ರ ಬರೆದವರೂ ತಮ್ಮ ಗ್ರಾಮದ ಹೆಸರು, ಪುಟ ಸಂಖ್ಯೆ ಹಾಕಿಯೇ ಬರೆದರು. ಸೆಪ್ಟೆಂಬರ್ 26ಕ್ಕೆ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ತಿರಸ್ಕರಿಸಿತು, ಅದರ ರಾಜಕೀಯ ಬೇರೆ ಕಥೆ.

ಆಮೇಲೆ ಇದೇ ನಮ್ಮ ಕೆಲಸ ಆಗಿದೆ. ಬೆಳೆ ವಿಮೆ ಆದೇಶ, ವಿದ್ಯಾರ್ಥಿವೇತನದ ಸುತ್ತೋಲೆ, ನೇಮಕಾತಿ ಪಟ್ಟಿ, ಯಾರಿಗೆ ಯಾವುದು ಬೇಕೋ ಅದು. ಕಂಡದ್ದು ಏನೆಂದರೆ, ಹೆಚ್ಚಿನ ಕಡತಗಳು ಕಂಪ್ಯೂಟರಿನಲ್ಲೇ ಟೈಪ್ ಆದವು. ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲು ಒತ್ತಿ, ಮತ್ತೆ ಬಣ್ಣದಲ್ಲಿ ಸ್ಕ್ಯಾನ್ ಮಾಡುವಾಗ ದಪ್ಪ ಆಗುತ್ತವೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದೆ. ಸಹಿ ಬೇಕೇ ಬೇಕಾದರೆ ಸಹಿಯ ಪುಟ ಒಂದನ್ನು ಸ್ಕ್ಯಾನ್ ಮಾಡಿ, ಉಳಿದದ್ದು ನೇರವಾಗಿ ಪಿಡಿಎಫ್ ಆಗಲಿ. ಅನುಬಂಧ ಜಿಲ್ಲೆವಾರು ಬೇರೆ ಇರಲಿ. ಕೊಂಡಿಯ ಪಕ್ಕ ಎಷ್ಟು ಎಂಬಿ ಅಂತ ಬರೆಯಲಿ, ಸರ್ಕಾರಿ ತಾಣಗಳ ಮಾರ್ಗಸೂಚಿಯಲ್ಲೇ ಇದು ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(4)ನೇ ಕಲಂ ಮಾಹಿತಿ ಕೊಡುವಾಗ ಖರ್ಚು, ಸ್ಥಳೀಯ ಭಾಷೆ, ಆ ಜಾಗಕ್ಕೆ ಹೊಂದುವ ವಿಧಾನ ನೋಡಬೇಕು ಅನ್ನುತ್ತದೆ. ಇದನ್ನೇ ಬರೆದು ಒಂದು ಕಚೇರಿಗೆ ಪತ್ರ ಕೊಟ್ಟೆ. ಅಲ್ಲಿನ ಗುಮಾಸ್ತರು ಸ್ಕ್ಯಾನರ್ ಯಾವಾಗಲೂ ಬಣ್ಣಕ್ಕೇ ಇರುತ್ತದೆ, ಬದಲಿಸಬಹುದು ಅಂತ ಯಾರೂ ಹೇಳಿರಲಿಲ್ಲ ಅಂದರು. ಅಲ್ಲೇ ನಿಂತು ಬದಲಿಸಿ ತೋರಿಸಿದೆ, ಎರಡು ನಿಮಿಷದ ಕೆಲಸ. ಆವತ್ತಿನಿಂದ ಅಲ್ಲಿಯ ಕಡತ ಸಣ್ಣದಾಗಿಯೇ ಬರುತ್ತಿದೆ.

ಯಾವ ಪಟ್ಟಿಯನ್ನೂ ನಾನೀಗ ಒಬ್ಬನೇ ನೋಡಿ ಹಾಕುವುದಿಲ್ಲ. ಮೊದಲು ಕಷಾಯ ಕೊಟ್ಟ ಆ ಅಮ್ಮನಿಗೆ ಕಳಿಸುತ್ತೇನೆ. ಅವರು ಊಟದ ಕೆಲಸ ಮುಗಿಸಿ, ಮೂಲದ ಪುಟ ಒಂದು ಕಡೆ, ನನ್ನದು ಒಂದು ಕಡೆ ಇಟ್ಟುಕೊಂಡು ಬೆರಳಿಟ್ಟು ಎಣಿಸುತ್ತಾರೆ. ಮೊನ್ನೆ ರಾತ್ರಿ ಒಂಬತ್ತಕ್ಕೆ ಅವರ ಸಂದೇಶ ಬಂತು: "ತಮ್ಮಾ, ಮೂರನೇ ಪುಟದ ಕೊನೇ ಸಾಲು ಇನ್ನೊಂದು ಸಲ ನೋಡು."